ಯಾವ ಕಡಲಿನಿಂದ ಎಷ್ಟು ಎತ್ತರ?

ಉಪಗ್ರಹಗಳ ನೆರವಿನಿಂದ ದಾರಿ ತೋರುವ ಯಂತ್ರ ಮೋಟಾರು ಕಾರನ್ನು ಊರಿಗೆ ತಪ್ಪದೆ ಮುಟ್ಟಿಸುತ್ತದೆ. ಆದರೆ ಅದೇ ಯಂತ್ರ ತೋರಿಸುವ ಎತ್ತರದ ಅಂಕಿಯನ್ನು ಎಷ್ಟರಮಟ್ಟಿಗೆ ನಂಬಬಹುದು?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ, ಆಕಾಶದ ದಾರಿಸೂಚಕ ಉಪಗ್ರಹಗಳ ಸಂಕೇತಗಳನ್ನು ಎಡೆಬಿಡದೆ ಆಲಿಸುವುದಕ್ಕೆಂದು ಒಂದು ಗ್ರಾಹಕ ಉಪಕರಣವನ್ನು ಸ್ಥಾಪಿಸಲಾಗಿದೆ. ಜಗತ್ತಿನ ನಾನಾ ದೇಶಗಳಲ್ಲಿ ಹರಡಿಕೊಂಡಿರುವ ಇಂಥ ಕೇಂದ್ರಗಳ ಸರಮಾಲೆಯಲ್ಲಿ ಇದೂ ಒಂದು. ಇದರ ಸ್ಥಾನವನ್ನು ವಿಜ್ಞಾನಿಗಳು ಬಹು ಸೂಕ್ಷ್ಮವಾಗಿ ನಿಷ್ಕರ್ಷಿಸಿದ್ದಾರೆ. ಆ ಲೆಕ್ಕದ ಪ್ರಕಾರ ಇದರ ಎತ್ತರ ಸುಮಾರು ೮೪೪ ಮೀಟರು. ಆದರೆ ಅದೇ ಆವರಣದ ನೆಲ ಸಮುದ್ರಮಟ್ಟದಿಂದ ಸುಮಾರು ೯೩೦ ಮೀಟರು ಎತ್ತರದಲ್ಲಿದೆ. ಒಂದೇ ಸ್ಥಳ, ಎರಡು ಎತ್ತರ; ನಡುವಣ ಅಂತರ ೮೬ ಮೀಟರು! ಇಪ್ಪತ್ತೈದು ಅಂತಸ್ತುಗಳ ಕಟ್ಟಡವೊಂದು ಈ ಅಂತರದಲ್ಲಿ ಸಲೀಸಾಗಿ ನಿಂತುಬಿಡಬಹುದು.

ಹಾಗಾದರೆ ತಪ್ಪಿದವರಾರು? ನಕ್ಷೆ ಬರೆದವರೇ, ಉಪಗ್ರಹಗಳನ್ನು ಹಾರಿಸಿದವರೇ? ಆಶ್ಚರ್ಯವೆಂದರೆ ಯಾರೂ ತಪ್ಪಿಲ್ಲ. ಎರಡು ಸಂಖ್ಯೆಗಳೂ ಸರಿ. ಎತ್ತರವೆಂದೊಡನೆ ‘ಎಷ್ಟು?’ ಎಂದು ಕೇಳುವುದು ಎಲ್ಲರ ರೂಢಿ. ‘ಎಲ್ಲಿಂದ?’ ಎಂದು ಕೇಳುವವರು ವಿರಳ. ಈ ಎರಡನೆಯ ಪ್ರಶ್ನೆಯನ್ನು ಕೇಳದೆ ಹೋದರೆ ಕಾರಿನ ಗಾಜುಫಲಕದ ಮೇಲೆ ಮಿನುಗುವ ಎತ್ತರದ ಅಂಕಿ ಬರಿಯ ಅಲಂಕಾರವಾಗಿ ಉಳಿಯುತ್ತದೆ. ಒಮ್ಮೊಮ್ಮೆ ಅಪಾಯಕ್ಕೂ ಎಡೆಗೊಡುತ್ತದೆ.

ಆಕಾಶದಲ್ಲಿನ ಗಡಿಯಾರಗಳು

ಜಿ.ಪಿ.ಎಸ್. ಎಂದು ಮನೆಮಾತಾಗಿರುವ ವ್ಯವಸ್ಥೆ ಅಮೆರಿಕದ ಸೈನ್ಯದ ಕೂಸು. ೧೯೭೩ರಲ್ಲಿ ಯೋಜನೆ ರೂಪುಗೊಂಡಿತು. ೧೯೭೮ರಲ್ಲಿ ಮೊದಲನೆಯ ಉಪಗ್ರಹ ಮೇಲೇರಿತು. ೧೯೮೩ರಲ್ಲಿ ದಾರಿ ತಪ್ಪಿ ಸೋವಿಯತ್ ವಾಯುಪ್ರದೇಶವನ್ನು ಹೊಕ್ಕ ಕೊರಿಯದ ಪ್ರಯಾಣಿಕ ವಿಮಾನವನ್ನು ಹೊಡೆದುರುಳಿಸಿ ೨೬೯ ಮಂದಿ ಅಸುನೀಗಿದಾಗ, ಈ ವ್ಯವಸ್ಥೆಯನ್ನು ನಾಗರಿಕರ ಉಪಯೋಗಕ್ಕೂ ಬಿಟ್ಟುಕೊಡುವುದಾಗಿ ಅಧ್ಯಕ್ಷ ರೇಗನ್ ಸಾರಿದರು. ೧೯೯೫ರಲ್ಲಿ ವ್ಯವಸ್ಥೆ ಪೂರ್ಣಗೊಂಡಿತು. ಆದರೂ ನಾಗರಿಕರಿಗೆ ಸಿಗುವ ಸಂಕೇತದಲ್ಲಿ ಬೇಕೆಂದೇ ದೋಷವನ್ನು ಬೆರೆಸಲಾಗುತ್ತಿತ್ತು. ಆಗ ಸ್ಥಳದ ದೋಷ ೧೦೦ ಮೀಟರಿನವರೆಗೆ ಹೋದರೆ ಎತ್ತರದ ದೋಷ ೧೫೬ ಮೀಟರಿನವರೆಗೆ ಹೋಗಬಹುದೆಂದು ಗೊತ್ತುಮಾಡಿದ್ದರು. ೨೦೦೦ದ ಮೇ ತಿಂಗಳಲ್ಲಿ ಈ ಕೃತಕ ದೋಷವನ್ನು ತೆಗೆದುಹಾಕಿದ ಮೇಲೆಯೇ ಕಾರಿನ ದಾರಿಸೂಚಕ ಯಂತ್ರಗಳು ನಿಜವಾಗಿ ಕೆಲಸಕ್ಕೆ ಬಂದವು.

ಈ ಉಪಗ್ರಹಗಳು ಭೂಮಿಯಿಂದ ಸುಮಾರು ೨೦,೨೦೦ ಕಿಲೋಮೀಟರು ಎತ್ತರದಲ್ಲಿ ಸುತ್ತುತ್ತವೆ. ಪ್ರತಿಯೊಂದರ ಒಡಲಲ್ಲಿಯೂ ಪರಮಾಣು ಗಡಿಯಾರಗಳಿವೆ. ಪ್ರತಿಯೊಂದೂ ‘ಈಗ ಇಷ್ಟು ಗಂಟೆ, ನಾನಿರುವುದು ಇಲ್ಲಿ’ ಎಂದು ರೇಡಿಯೋ ಅಲೆಗಳ ಮೂಲಕ ಸಾರುತ್ತಿರುತ್ತದೆ. ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿಲೋಮೀಟರು ಓಡುವ ಆ ಅಲೆ ನೆತ್ತಿಯ ಮೇಲಿನ ಉಪಗ್ರಹದಿಂದ ಕಾರನ್ನು ಮುಟ್ಟಲು ಸೆಕೆಂಡಿನ ಹದಿನೈದರಲ್ಲಿ ಒಂದು ಭಾಗದಷ್ಟು ಹೊತ್ತು ಸಾಕು. ಹೊರಟ ವೇಳೆ ಮತ್ತು ಮುಟ್ಟಿದ ವೇಳೆ ತಿಳಿದರೆ ದೂರ ತಿಳಿಯಿತು. ಹಲವು ಉಪಗ್ರಹಗಳ ದೂರ ತಿಳಿದರೆ ಕಾರು ಇರುವ ಠಾವು ತಿಳಿಯಿತು.

ಆದರೆ ಕಾರಿನ ಯಂತ್ರದಲ್ಲಿರುವುದು ಪರಮಾಣು ಗಡಿಯಾರವಲ್ಲ, ಅಗ್ಗದ ಗಡಿಯಾರ. ಅದು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿದರೂ ದೂರದ ಲೆಕ್ಕ ೩೦೦ ಮೀಟರು ತಪ್ಪುತ್ತದೆ. ಆದ್ದರಿಂದ ಯಂತ್ರವು ಕಂಡುಹಿಡಿಯಬೇಕಾದ ಅಜ್ಞಾತಗಳು ಮೂರಲ್ಲ, ನಾಲ್ಕು: ಉತ್ತರ–ದಕ್ಷಿಣ, ಪೂರ್ವ–ಪಶ್ಚಿಮ, ಎತ್ತರ ಮತ್ತು ತನ್ನದೇ ಗಡಿಯಾರದ ತಪ್ಪು. ನಾಲ್ಕು ಅಜ್ಞಾತಗಳಿಗೆ ಕನಿಷ್ಠ ನಾಲ್ಕು ಉಪಗ್ರಹಗಳು ಕಣ್ಣಿಗೆ ಬೀಳಬೇಕು. ಮೂರೇ ಸಿಕ್ಕರೆ ಅನೇಕ ಯಂತ್ರಗಳು ಒಂದು ಉಪಾಯ ಮಾಡುತ್ತವೆ. ಎತ್ತರವನ್ನು ಹಿಂದಿನ ಅಂಕಿಯಲ್ಲಿಯೇ ನಿಲ್ಲಿಸಿ ಉಳಿದ ಮೂರನ್ನು ಲೆಕ್ಕ ಹಾಕುತ್ತವೆ. ಕಾರು ಘಟ್ಟ ಇಳಿಯುತ್ತಿದ್ದರೂ ಎತ್ತರದ ಅಂಕಿ ಅಲುಗದೆ ಕುಳಿತಿರುವುದುಂಟು. ಅದರ ಗುಟ್ಟು ಇದೇ.

ಕಾಲ ಕೆಳಗೆ ಉಪಗ್ರಹವಿಲ್ಲ

ಠಾವನ್ನು ಚೆನ್ನಾಗಿ ಹೇಳುವ ಯಂತ್ರ ಎತ್ತರದಲ್ಲಿ ಏಕೆ ಎಡವುತ್ತದೆ? ಇದಕ್ಕೆ ಯಂತ್ರ ತಯಾರಿಸಿದವರ ಅಲಕ್ಷ್ಯ ಕಾರಣವಲ್ಲ. ಭೂಮಿಯೇ ಅಡ್ಡಬಂದಿರುವುದು ಕಾರಣ.

ಬಯಲಿನ ನಡುವೆ ನಿಂತವನ ಠಾವನ್ನು ಹಗ್ಗದಿಂದ ಅಳೆದು ಗೊತ್ತುಮಾಡಬೇಕೆಂದು ಭಾವಿಸೋಣ. ಪೂರ್ವದವನು ಒಂದು ಮೊಳ ಹೆಚ್ಚು ಅಳೆದು, ಪಶ್ಚಿಮದವನೂ ಒಂದು ಮೊಳ ಹೆಚ್ಚು ಅಳೆದರೆ ಎರಡು ತಪ್ಪುಗಳೂ ಒಂದನ್ನೊಂದು ನುಂಗಿಹಾಕುತ್ತವೆ; ನಡುವಿನವನ ಠಾವು ಕೆಡುವುದಿಲ್ಲ. ಉಪಗ್ರಹಗಳ ವಿಷಯದಲ್ಲಿಯೂ ಹೀಗೆಯೇ. ಅವು ಪೂರ್ವಕ್ಕೂ ಇವೆ, ಪಶ್ಚಿಮಕ್ಕೂ ಇವೆ. ಉತ್ತರಕ್ಕೂ ಇವೆ, ದಕ್ಷಿಣಕ್ಕೂ ಇವೆ. ಆದರೆ ಮೇಲೆ ಮಾತ್ರ ಇವೆ, ಕೆಳಗೆ ಇಲ್ಲ. ಕಾಲಡಿಯ ಉಪಗ್ರಹಗಳನ್ನು ಭೂಮಿ ಮರೆಮಾಡಿದೆ. ಮೇಲಿನಿಂದ ಅಳೆಯುವವರೆಲ್ಲರೂ ಒಂದೇ ಬದಿಗೆ ತಪ್ಪಿದರೆ ಅದನ್ನು ತೂಗಿಸಲು ಕೆಳಗಿನಿಂದ ಅಳೆಯುವವನಿಲ್ಲ.

ಇದರ ಮೇಲೆ ಗಡಿಯಾರದ ತೊಡಕು ಬೇರೆ. ಕಾರು ಹತ್ತು ಮೀಟರು ಮೇಲೆ ಹೋದರೆ ತಲೆಯ ಮೇಲಿನ ಉಪಗ್ರಹಗಳೆಲ್ಲಕ್ಕೂ ದೂರ ಕಡಿಮೆಯಾಗುತ್ತದೆ. ಕಾರಿನ ಗಡಿಯಾರ ಅಷ್ಟಿಷ್ಟು ಹಿಂದೆ ಬಿದ್ದರೂ ಎಲ್ಲ ದೂರಗಳೂ ಕಡಿಮೆಯಾದಂತೆ ಕಾಣುತ್ತವೆ. ಇದು ಏರಿದ ಫಲವೇ, ಗಡಿಯಾರ ತಪ್ಪಿದ ಫಲವೇ? ಎರಡನ್ನೂ ಬಿಡಿಸಿ ಹೇಳಬೇಕಾದರೆ ದಿಗಂತದ ಅಂಚಿನಲ್ಲಿರುವ ಉಪಗ್ರಹಗಳ ಸಾಕ್ಷ್ಯ ಬೇಕು. ಶಿರಾಡಿಯಂಥ, ಚಾರ್ಮಾಡಿಯಂಥ ಘಟ್ಟದ ರಸ್ತೆಯಲ್ಲಿ ಗುಡ್ಡದ ಗೋಡೆಯೂ ಹೆಮ್ಮರಗಳೂ ಮೊದಲು ಕಸಿದುಕೊಳ್ಳುವುದು ಆ ಸಾಕ್ಷಿಗಳನ್ನೇ. ನಗರದಲ್ಲಾದರೆ ಎತ್ತರದ ಕಟ್ಟಡಗಳು ಅದೇ ಕೆಲಸ ಮಾಡುತ್ತವೆ. ಜೊತೆಗೆ ಅವುಗಳ ಗೋಡೆಗೆ ಬಡಿದು ಹಿಂದಿರುಗಿದ ಅಲೆಗಳು ಪ್ರತಿಧ್ವನಿಯಂತೆ ಬಂದು ಲೆಕ್ಕವನ್ನು ಕದಡುತ್ತವೆ.

ಮೇಲಣ ವಾಯುಮಂಡಲವೂ ಸುಮ್ಮನಿರುವುದಿಲ್ಲ. ಸೂರ್ಯನ ಬಿಸಿಲಿಗೆ ವಿದ್ಯುದಾವೇಶ ಪಡೆದ ಅಯಾನುಮಂಡಲದಲ್ಲಿ ಹಾಯುವಾಗ ಅಲೆಗಳು ತಡವಾಗುತ್ತವೆ. ದಕ್ಷಿಣ ಭಾರತ ಭೂಮಿಯ ಕಾಂತೀಯ ವಿಷುವದ್ರೇಖೆಗೆ ಸಮೀಪದಲ್ಲಿದೆ; ಈ ಪಟ್ಟಿಯ ಮೇಲೆ ಅಯಾನುಮಂಡಲದ ಚಾಂಚಲ್ಯ ಇತರ ಕಡೆಗಳಿಗಿಂತ ಹೆಚ್ಚು.

ಇವೆಲ್ಲವುಗಳ ಪರಿಣಾಮ ಅಂಕಿಗಳಲ್ಲಿಯೇ ಕಾಣುತ್ತದೆ. ಉಪಗ್ರಹಗಳ ಕಡೆಯ ದೋಷವನ್ನು ಮಾತ್ರ ಗಣಿಸಿ ಅಮೆರಿಕ ಸರ್ಕಾರ ೨೦೨೦ರಲ್ಲಿ ಪ್ರಕಟಿಸಿದ ಪ್ರಮಾಣದಂತೆ, ಜಗತ್ತಿನ ಸರಾಸರಿಯಲ್ಲಿ ನೂರಕ್ಕೆ ತೊಂಬತ್ತೈದು ಸಲ ಠಾವಿನ ದೋಷ ೮ ಮೀಟರನ್ನೂ ಎತ್ತರದ ದೋಷ ೧೩ ಮೀಟರನ್ನೂ ಮೀರಬಾರದು. ಅಯಾನುಮಂಡಲದ ತಡೆ, ಗೋಡೆಯ ಪ್ರತಿಧ್ವನಿ, ಗ್ರಾಹಕದ ದೋಷ ಇದಕ್ಕೆ ಸೇರುವುದು ಬೇರೆ. ರಷ್ಯ, ಯೂರೋಪು, ಚೀನಗಳ ಉಪಗ್ರಹಗಳನ್ನೂ ೨೦೧೩ರಿಂದ ಭಾರತ ಹಾರಿಸಿದ ನಾವಿಕ್ ಉಪಗ್ರಹಗಳನ್ನೂ ಒಟ್ಟಿಗೆ ಬಳಸಿಕೊಳ್ಳುವ ಈಚಿನ ಯಂತ್ರಗಳು ಇದಕ್ಕಿಂತ ಚೆನ್ನಾಗಿ ಕೆಲಸ ಮಾಡಬಲ್ಲವು. ಆದರೆ ಉಪಗ್ರಹಗಳು ಎಷ್ಟೇ ಹೆಚ್ಚಲಿ, ಎಲ್ಲವೂ ಮೇಲೆಯೇ ಇರತಕ್ಕವು. ಠಾವಿಗಿಂತ ಎತ್ತರ ಒಂದೂವರೆ ಎರಡು ಪಾಲು ಕಳಪೆ ಎಂಬ ನಿಯಮ ಬದಲಾಗಿಲ್ಲ.

ಕಾರವಾರದ ಅಲೆಗಳು

ಇಷ್ಟಾದರೂ ಬೆಂಗಳೂರಿನ ೮೬ ಮೀಟರುಗಳ ಅಂತರಕ್ಕೆ ಉತ್ತರ ಸಿಗಲಿಲ್ಲ. ಅದು ಅಳತೆಯ ದೋಷವಲ್ಲ. ಅಳತೆಯ ಬುಡವೇ ಬೇರೆ.

ಭಾರತದಲ್ಲಿ ಎತ್ತರಗಳ ಅಳತೆಗೆ ಬುಡವಾಗಿರುವುದು ಸಮುದ್ರ. ಸರ್ವೆ ಆಫ್ ಇಂಡಿಯಾ ೧೮೫೮ರಿಂದ ಅರ್ಧ ಶತಮಾನದ ಕಾಲ ದೇಶದ ಉದ್ದಗಲಕ್ಕೂ ಮಟ್ಟಗಳನ್ನು ಅಳೆದು, ೧೯೦೯ರಲ್ಲಿ ಅವೆಲ್ಲವನ್ನೂ ಒಂದೇ ಲೆಕ್ಕಕ್ಕೆ ತಂದಿತು. ಆ ಲೆಕ್ಕಕ್ಕೆ ಆಧಾರವಾದದ್ದು ಒಂಬತ್ತು ಬಂದರುಗಳಲ್ಲಿ ಉಬ್ಬರವಿಳಿತಗಳನ್ನು ವರ್ಷಗಟ್ಟಲೆ ದಾಖಲಿಸಿ ಪಡೆದ ಸರಾಸರಿ ಸಮುದ್ರಮಟ್ಟ. ಕರಾಚಿ, ಮುಂಬಯಿ, ಬೇಪೂರು, ಕೊಚ್ಚಿ, ನಾಗಪಟ್ಟಣ, ಮದರಾಸು, ವಿಶಾಖಪಟ್ಟಣ, ಫಾಲ್ಸ್ ಪಾಯಿಂಟ್ ಇವುಗಳ ಸಾಲಿನಲ್ಲಿ ಕನ್ನಡ ನಾಡಿನ ಕಾರವಾರವೂ ಇತ್ತು. ಆ ಕಡಲಂಚಿನಿಂದ ಒಳನಾಡಿಗೆ ಮಟ್ಟದ ಯಂತ್ರವನ್ನೂ ಅಳತೆಗೋಲನ್ನೂ ಹೊತ್ತು ಹೆಜ್ಜೆಹೆಜ್ಜೆಗೂ ಏರಿಳಿತಗಳನ್ನು ಗುರುತುಹಾಕಿಕೊಳ್ಳುತ್ತ ನಡೆದವರ ಬೆವರಿನ ಫಲವೇ ನಕ್ಷೆಗಳಲ್ಲಿನ ಎತ್ತರದ ಅಂಕಿಗಳು. ರೈಲು ನಿಲ್ದಾಣದ ಹಳದಿ ಫಲಕದ ಮೂಲೆಯಲ್ಲಿ ಊರ ಹೆಸರಿನ ಕೆಳಗೆ ಚಿಕ್ಕದಾಗಿ ಬರೆದಿರುವ ಎತ್ತರವೂ ಸಮುದ್ರಮಟ್ಟದಿಂದ ಎಣಿಸಿದ್ದೇ.

ಉಪಗ್ರಹಕ್ಕೆ ಸಮುದ್ರ ತಿಳಿಯದು. ಅದಕ್ಕೆ ತಿಳಿದಿರುವುದು ಭೂಮಿಯ ಕೇಂದ್ರ. ಆ ಕೇಂದ್ರದ ಸುತ್ತ ಗಣಿತಜ್ಞರು ಭೂಮಿಯ ಆಕಾರಕ್ಕೆ ಹೋಲುವ ಒಂದು ನಯವಾದ ಚಪ್ಪಟೆಗೋಳವನ್ನು ಕಲ್ಪಿಸಿಕೊಂಡಿದ್ದಾರೆ. ಭೂಮಧ್ಯರೇಖೆಯಲ್ಲಿ ಇದರ ತ್ರಿಜ್ಯ ೬,೩೭೮.೧ ಕಿಲೋಮೀಟರು, ಧ್ರುವದಲ್ಲಿ ಅದಕ್ಕಿಂತ ಸುಮಾರು ೨೧ ಕಿಲೋಮೀಟರು ಕಡಿಮೆ. ಜಿ.ಪಿ.ಎಸ್. ಎಣಿಸುವ ಎತ್ತರವೆಲ್ಲ ಈ ಕಾಲ್ಪನಿಕ ಗೋಳದ ಮೈಯಿಂದ ಎಣಿಸಿದ ಎತ್ತರ. ಅದರ ಮೇಲೆ ಬೆಟ್ಟವಿಲ್ಲ, ಕಣಿವೆಯಿಲ್ಲ, ನೀರೂ ಇಲ್ಲ.

ನಿಜವಾದ ಸಮುದ್ರದ ಮೈ ಅಷ್ಟು ನಯವಲ್ಲ. ಭೂಮಿಯ ಒಡಲಿನಲ್ಲಿ ಒಂದೆಡೆ ಭಾರವಾದ ಶಿಲೆ, ಒಂದೆಡೆ ಹಗುರವಾದ ಶಿಲೆ. ಭಾರವಿದ್ದೆಡೆ ಗುರುತ್ವ ನೀರನ್ನು ತನ್ನತ್ತ ಸೆಳೆದು ರಾಶಿಹಾಕುತ್ತದೆ. ಹಗುರವಿದ್ದೆಡೆ ನೀರು ತಗ್ಗುತ್ತದೆ. ಗಾಳಿಯಿಲ್ಲದೆ, ಅಲೆಯಿಲ್ಲದೆ, ಉಬ್ಬರವಿಳಿತವಿಲ್ಲದೆ ನಿಂತ ಸಮುದ್ರದ ಮೈಯನ್ನು ನೆಲದ ಅಡಿಯಲ್ಲಿಯೂ ಮುಂದುವರಿಸಿದರೆ ದೊರೆಯುವ ಈ ಉಬ್ಬುತಗ್ಗಿನ ಆಕಾರವನ್ನು ಗಣಿತಜ್ಞ ಗೌಸ್ ೧೮೨೮ರಲ್ಲಿಯೇ ಮನಸ್ಸಿನಲ್ಲಿ ಕಂಡಿದ್ದನು. ಅದಕ್ಕೆ ‘ಜಿಯಾಯಿಡ್’ ಎಂದು ಹೆಸರಿಟ್ಟವನು ಜರ್ಮನಿಯ ಲಿಸ್ಟಿಂಗ್. ಸಮುದ್ರಮಟ್ಟವೆಂದರೆ ಕಾರ್ಯತಃ ಈ ಜಿಯಾಯಿಡೇ. ನ್ಯೂಗಿನಿಯ ಬಳಿ ಇದು ಚಪ್ಪಟೆಗೋಳಕ್ಕಿಂತ ಸುಮಾರು ೮೫ ಮೀಟರು ಮೇಲಿದೆ. ಜಗತ್ತಿನಲ್ಲೆಲ್ಲ ಅತ್ಯಂತ ಕೆಳಗಿರುವುದು ಭಾರತದ ದಕ್ಷಿಣಕ್ಕೆ.

ದಕ್ಷಿಣದ ಮಹಾತಗ್ಗು

ಶ್ರೀಲಂಕೆಯ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ ಜಿಯಾಯಿಡ್ ಚಪ್ಪಟೆಗೋಳಕ್ಕಿಂತ ಸುಮಾರು ೧೦೬ ಮೀಟರು ತಗ್ಗಿನಲ್ಲಿದೆ. ೧೯೪೮ರಲ್ಲಿ ಇದನ್ನು ಗುರುತಿಸಿದವನು ಡಚ್ ಭೂಭೌತವಿಜ್ಞಾನಿ ವೇನಿಂಗ್ ಮೈನೆಸ್. ಇಷ್ಟು ದೊಡ್ಡ ತಗ್ಗಿಗೆ ಕಾರಣವೇನೆಂಬುದು ಬಹುಕಾಲ ಚರ್ಚೆಯ ವಿಷಯವಾಗಿತ್ತು. ೨೦೨೩ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ದೇಬಾಂಜನ್ ಪಾಲ್ ಮತ್ತು ಅತ್ರೇಯೀ ಘೋಷ್ ಒಂದು ಸಮಾಧಾನವನ್ನು ಮುಂದಿಟ್ಟರು. ಬಹು ಹಿಂದೆ ಟೆಥಿಸ್ ಎಂಬ ಸಮುದ್ರದ ತಳದ ಶಿಲಾಫಲಕಗಳು ಭೂಗರ್ಭದ ಆಳಕ್ಕೆ ಮುಳುಗಿದವು. ಅವು ಆಫ್ರಿಕದಡಿಯ ಬಿಸಿಶಿಲೆಯ ರಾಶಿಯನ್ನು ಕೆದಕಿದುದರಿಂದ ಹಗುರವಾದ ಬಿಸಿಶಿಲೆ ಮೇಲೆದ್ದು ಈ ಪ್ರದೇಶದ ಸುತ್ತ ಹರಡಿತು. ಅದರಿಂದ ಗುರುತ್ವ ಕುಂದಿತು ಎಂಬುದು ಗಣಕಯಂತ್ರದ ಮೂಲಕ ಅವರು ಕಂಡುಕೊಂಡ ವಿವರಣೆ.

ಈ ಮಹಾತಗ್ಗಿನ ಅಂಚು ದಕ್ಷಿಣ ಭಾರತವನ್ನೆಲ್ಲ ಆವರಿಸಿದೆ. ಕರ್ನಾಟಕದ ಕಾರುಗಳಿಗೂ ಹಿಂದೂ ಮಹಾಸಾಗರದ ಅಡಿಯ ಬಿಸಿಶಿಲೆಗೂ ನಂಟು ಬೆಳೆದದ್ದು ಹೀಗೆ. ಯಾವ ತಿದ್ದುಪಡಿಯನ್ನೂ ಮಾಡದ ಜಿ.ಪಿ.ಎಸ್. ಯಂತ್ರವನ್ನು ಮಂಗಳೂರಿನ ಕಡಲತಡಿಯಲ್ಲಿ ಹಿಡಿದರೆ, ಮರಳಿನ ಮೇಲೆ ನಿಂತವನು ‘ಸೊನ್ನೆಗಿಂತ ಎಂಬತ್ತಕ್ಕೂ ಹೆಚ್ಚು ಮೀಟರು ಕೆಳಗೆ’ ಇದ್ದಾನೆಂದು ಅದು ಹೇಳುತ್ತದೆ! ನೀರಿನಲ್ಲಿ ಮುಳುಗಿದವನಿಗೂ ಸಲ್ಲದ ಅಂಕಿ ಅದು.

ಇನ್ನೊಂದು ವಿನೋದವನ್ನೂ ಗಮನಿಸಬಹುದು. ಚಪ್ಪಟೆಗೋಳದ ಲೆಕ್ಕದಲ್ಲಿ ಕನ್ಯಾಕುಮಾರಿಯ ಕಡಲು ಮುಂಬಯಿಯ ಕಡಲಿಗಿಂತ ಇಪ್ಪತ್ತು ಮೀಟರಿಗೂ ಹೆಚ್ಚು ಕೆಳಗಿದೆ. ಆದರೂ ಮುಂಬಯಿಯ ನೀರು ಕನ್ಯಾಕುಮಾರಿಗೆ ಧುಮ್ಮಿಕ್ಕುವುದಿಲ್ಲ. ನೀರು ಹರಿಯುವುದು ಗುರುತ್ವದ ಆಜ್ಞೆಯಂತೆ; ಗಣಿತಜ್ಞರ ಗೋಳದ ಆಜ್ಞೆಯಂತಲ್ಲ. ಕಾಲುವೆ ತೋಡುವವನಿಗೆ, ಕೆರೆ ಕಟ್ಟುವವನಿಗೆ, ಚರಂಡಿ ಹಾಕುವವನಿಗೆ ಬೇಕಾದುದು ನೀರಿಗೆ ಒಪ್ಪಿತವಾದ ಎತ್ತರ. ಹಿಮಾಲಯದ ಶಿಖರಕ್ಕೂ ಇದೇ ನ್ಯಾಯ. ೨೦೧೯ರಲ್ಲಿ ನೇಪಾಳದವರು ಎವರೆಸ್ಟಿನ ತುದಿಗೆ ಉಪಗ್ರಹ ಗ್ರಾಹಕವನ್ನು ಹೊತ್ತೊಯ್ದರೂ, ಗುರುತ್ವವನ್ನು ಅಳೆದು ಅಲ್ಲಿನ ಸಮುದ್ರಮಟ್ಟ ಎಲ್ಲಿದೆಯೆಂದು ನಿರ್ಧರಿಸದೆ ಲೆಕ್ಕ ಮುಗಿಯಲಿಲ್ಲ. ೨೦೨೦ರ ಡಿಸೆಂಬರಿನಲ್ಲಿ ನೇಪಾಳ ಮತ್ತು ಚೀನ ಜೊತೆಗೂಡಿ ೮,೮೪೮.೮೬ ಮೀಟರು ಎಂದು ಸಾರಿದ್ದು ಆಮೇಲೆ.

ಎತ್ತು ಏರಿಗೆ, ಕೋಣ ನೀರಿಗೆ

ಹಾಗಾದರೆ ಬೆಂಗಳೂರಿನ ಕಾರುಗಳಲ್ಲಿ ಸಾಮಾನ್ಯವಾಗಿ ೯೦೦ಕ್ಕೆ ಸಮೀಪದ ಅಂಕಿಯೇ ಕಾಣುವುದೇಕೆ? ತಯಾರಕರು ಯಂತ್ರದೊಳಗೆ ಜಿಯಾಯಿಡ್‌ನ ಕೋಷ್ಟಕವನ್ನು ಅಡಗಿಸಿಟ್ಟಿರುತ್ತಾರೆ. ಯಂತ್ರ ತಾನು ನಿಂತ ಠಾವನ್ನು ಕೋಷ್ಟಕದಲ್ಲಿ ಹುಡುಕಿ, ಅಲ್ಲಿನ ವ್ಯತ್ಯಾಸವನ್ನು ಕೂಡಿಸಿಯೋ ಕಳೆದೋ ಸಮುದ್ರಮಟ್ಟದ ಎತ್ತರವನ್ನು ಕೊಡುತ್ತದೆ. ೧೯೯೬ರಲ್ಲಿ ಸಿದ್ಧವಾದ ಮಾದರಿಯೂ ೨೦೦೮ರ ಸೂಕ್ಷ್ಮತರ ಮಾದರಿಯೂ ಈ ಕೆಲಸಕ್ಕೆ ಪ್ರಸಿದ್ಧವಾಗಿವೆ. ಆದರೆ ಎಲ್ಲ ಯಂತ್ರಗಳ ಕೋಷ್ಟಕವೂ ಒಂದೇ ಹದದ್ದಲ್ಲ. ಕೆಲವು ಬಹು ಸ್ಥೂಲ. ಕೈಯಲ್ಲಿ ಹಿಡಿಯುವ ಆಂಡ್ರಾಯ್ಡ್ ಫೋನು ತನ್ನೊಳಗಿನ ಕಾರ್ಯಕ್ರಮಗಳಿಗೆ ಮೊದಲಿನಿಂದಲೂ ಒದಗಿಸುತ್ತ ಬಂದದ್ದು ಚಪ್ಪಟೆಗೋಳದ ಎತ್ತರವನ್ನು. ಸಮುದ್ರಮಟ್ಟದ ಎತ್ತರವನ್ನು ಪ್ರತ್ಯೇಕವಾಗಿ ಕೇಳಿ ಪಡೆಯುವ ಸೌಕರ್ಯ ೨೦೨೩ರ ಹದಿನಾಲ್ಕನೆಯ ಆವೃತ್ತಿಯಲ್ಲಿ ಸೇರಿತು. ತಿದ್ದುಪಡಿಯನ್ನು ಮಾಡಿಕೊಳ್ಳುವ ಕಾರ್ಯಕ್ರಮ ಒಂದು ಅಂಕಿ ತೋರಿದರೆ, ಮಾಡಿಕೊಳ್ಳದ್ದು ಇನ್ನೊಂದನ್ನು ತೋರುತ್ತದೆ.

ಎರಡನೆಯ ಮಾರ್ಗ ಉಪಗ್ರಹದ ಎತ್ತರವನ್ನು ಬದಿಗಿಟ್ಟು, ಕಾರು ಇರುವ ಠಾವಿನ ಎತ್ತರವನ್ನು ಮೊದಲೇ ಅಳೆದಿಟ್ಟ ನಕ್ಷೆಯಿಂದ ಓದುವುದು. ೨೦೦೦ದ ಫೆಬ್ರವರಿಯಲ್ಲಿ ಎಂಡೆವರ್ ಎಂಬ ಆಕಾಶನೌಕೆ ೬೦ ಮೀಟರು ಉದ್ದದ ಕೋಲಿನ ತುದಿಯಲ್ಲಿ ರೇಡಾರ್ ಆಂಟೆನಾವನ್ನು ಚಾಚಿಕೊಂಡು ಹನ್ನೊಂದು ದಿನಗಳಲ್ಲಿ ಭೂಮಿಯ ನೆಲದ ನೂರಕ್ಕೆ ಎಂಬತ್ತು ಪಾಲಿನ ಏರುತಗ್ಗುಗಳನ್ನು ಅಳೆಯಿತು. ಅನೇಕ ನಕ್ಷೆಗಳ ಎತ್ತರಕ್ಕೆ ಇದೇ ಮೂಲ. ಆದರೆ ಅದು ಒಪ್ಪಿಕೊಂಡ ದೋಷದ ಮಿತಿಯೂ ೧೬ ಮೀಟರು. ಸುಮಾರು ೩೦ ಮೀಟರಿಗೆ ಒಂದರಂತೆ ಬಿಂದುಗಳನ್ನು ಅಳೆದಿರುವುದರಿಂದ, ಕಡಿದಾದ ಘಟ್ಟದಲ್ಲಿ ಕೊರೆದ ಕಿರಿದಾದ ರಸ್ತೆ ಅದರ ಕಣ್ಣಿಗೆ ಬೀಳುವುದಿಲ್ಲ. ದಟ್ಟವಾದ ಕಾಡಿನಲ್ಲಿ ರೇಡಾರ್ ಅಲೆಗಳು ನೆಲವನ್ನು ಮುಟ್ಟುವ ಮೊದಲೇ ಮರಗಳ ಹಂದರದಿಂದ ಹಿಂದಿರುಗುತ್ತವೆ. ಸೇತುವೆಯ ಮೇಲೆ ಓಡುವ ಕಾರಿಗೆ ಅಂಥ ನಕ್ಷೆ ಕಣಿವೆಯ ತಳದ ಎತ್ತರವನ್ನು ಹೇಳಿದರೂ ಅಚ್ಚರಿಯಿಲ್ಲ.

ಮೂರನೆಯದು ಅತ್ಯಂತ ಹಳೆಯ ಮಾರ್ಗ. ೧೬೪೮ರಲ್ಲಿ ಫ್ರಾನ್ಸಿನ ಪಾಸ್ಕಲ್ ತನ್ನ ಭಾವನನ್ನು ಪುಯಿ ದ ದೋಮ್ ಎಂಬ ಬೆಟ್ಟಕ್ಕೆ ಪಾದರಸದ ಕೊಳವೆಯೊಡನೆ ಏರಿಸಿದನು; ಮೇಲೇರಿದಂತೆಲ್ಲ ಪಾದರಸ ಕೆಳಗಿಳಿಯಿತು. ಗಾಳಿಯ ಒತ್ತಡದಿಂದ ಎತ್ತರವನ್ನು ಅಳೆಯುವ ವಿದ್ಯೆ ಹೀಗೆ ಹುಟ್ಟಿತು. ಅಕ್ಕಿಕಾಳಿನಷ್ಟು ಕಿರಿದಾದ ವಾಯುಭಾರಮಾಪಕ ಈಗ ಅನೇಕ ಫೋನುಗಳಲ್ಲಿದೆ. ಸಮುದ್ರದ ಬಳಿ ಸುಮಾರು ಎಂಟು ಮೀಟರು ಏರಿದರೆ ಒತ್ತಡ ಒಂದು ಮಿಲಿಬಾರು ಇಳಿಯುತ್ತದೆ. ಒಂದೆರಡು ಮೀಟರುಗಳ ಏರಿಳಿತವನ್ನೂ ಈ ಮಾಪಕ ಕಂಡುಹಿಡಿಯಬಲ್ಲದು. ಆದರೆ ಹವೆ ಬದಲಾದರೆ ಇದು ಮೋಸಹೋಗುತ್ತದೆ. ವಾಯುಭಾರ ಕುಸಿದು ಹತ್ತು ಮಿಲಿಬಾರು ಇಳಿದರೆ ಗ್ಯಾರೇಜಿನಲ್ಲಿ ನಿಂತ ಕಾರೂ ಎಂಬತ್ತು ಮೀಟರಿಗೂ ಮೇಲೇರಿದೆಯೆಂದು ಹೇಳೀತು.

ಹೀಗೆ ಒಂದೇ ಕಾರಿನಲ್ಲಿ ಕಾರಿನ ಯಂತ್ರ ಒಂದು ಮಾರ್ಗದಿಂದ, ಪ್ರಯಾಣಿಕನ ಫೋನು ಇನ್ನೊಂದು ಮಾರ್ಗದಿಂದ ಲೆಕ್ಕ ಹಾಕಿದಾಗ ‘ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು’ ಎಂಬ ಗಾದೆ ಅಕ್ಷರಶಃ ನಿಜವಾಗುತ್ತದೆ.

ವಿದ್ಯುತ್ ಕಾರುಗಳು ಬಂದ ಮೇಲೆ ಈ ಲೆಕ್ಕ ಬರಿಯ ಕುತೂಹಲದ ವಿಷಯವಾಗಿ ಉಳಿದಿಲ್ಲ. ಮುಂದಿನ ಏರಿಗೆ ಎಷ್ಟು ವಿದ್ಯುತ್ತು ವ್ಯಯವಾಗುವುದು, ಬ್ಯಾಟರಿ ಊರು ಮುಟ್ಟಿಸುವುದೇ ಎಂದು ಹೇಳಲು ರಸ್ತೆಯ ಏರಿಳಿತ ತಿಳಿಯಬೇಕು. ನೂರು ಮೀಟರು ಓಡುವಷ್ಟರಲ್ಲಿ ಉಪಗ್ರಹದ ಎತ್ತರ ಹತ್ತು ಮೀಟರು ಹೊಯ್ದಾಡಿದರೆ ಸಮತಲವಾದ ರಸ್ತೆಯೂ ಹತ್ತಕ್ಕೊಂದರ ಏರಾಗಿ ತೋರುತ್ತದೆ. ಕಡಿದಾದ ಏರಿಗೆ ಹೆಸರಾದ ಸಕಲೇಶಪುರದ ರೈಲುಘಟ್ಟದ ಏರೇ ಐವತ್ತಕ್ಕೊಂದು. ಆದ್ದರಿಂದಲೇ ಇಂಥ ಲೆಕ್ಕಕ್ಕೆ ಆ ಕ್ಷಣದ ಉಪಗ್ರಹದ ಅಂಕಿಯ ಬದಲು ನಕ್ಷೆಯಲ್ಲಿ ಮೊದಲೇ ಅಳೆದಿಟ್ಟ ಏರಿಳಿತವನ್ನು ಆಶ್ರಯಿಸುತ್ತಾರೆ.

ಮೀಟರುಗಳ ಲೆಕ್ಕ, ಪ್ರಾಣದ ಲೆಕ್ಕ

ಹತ್ತು ಮೀಟರು ಹೆಚ್ಚುಕಡಿಮೆಯಾದರೆ ಪ್ರವಾಸಿಗನಿಗೆ ನಷ್ಟವಿಲ್ಲ. ಆದರೆ ಆ ಹತ್ತು ಮೀಟರುಗಳಲ್ಲಿ ಬಹಳ ಸಂಗತಿಗಳು ಅಡಗಿವೆ. ಬೆಂಗಳೂರಿನಲ್ಲಿ ೨೦೧೦ರಲ್ಲಿ ತೆರೆದ ಎಲೆಕ್ಟ್ರಾನಿಕ್ ಸಿಟಿಯ ಮೇಲುರಸ್ತೆ ಸುಮಾರು ಹತ್ತು ಕಿಲೋಮೀಟರು ಕಾಲ ಕೆಳಗಿನ ಹೆದ್ದಾರಿಯ ನೆತ್ತಿಯ ಮೇಲೆಯೇ ಸಾಗುತ್ತದೆ. ನಕ್ಷೆಯಲ್ಲಿ ಎರಡು ರಸ್ತೆಗಳೂ ಒಂದೇ ಗೆರೆ. ಎರಡರ ನಡುವಣ ಎತ್ತರವನ್ನು ಉಪಗ್ರಹದ ಅಂಕಿಯ ಹೊಯ್ದಾಟ ನುಂಗಿಬಿಡಬಹುದು. ಕಾರು ಮೇಲೆ ಓಡುತ್ತಿದೆಯೋ ಕೆಳಗೋ ಎಂಬುದು ತಿಳಿಯದೆ ಯಂತ್ರ ‘ಎಡಕ್ಕೆ ತಿರುಗಿ’ ಎಂದರೆ, ತಿರುಗಲು ಮೇಲುರಸ್ತೆಯಲ್ಲಿ ಎಡೆಯೆಲ್ಲಿದೆ?

ಬಹು ಅಂತಸ್ತಿನ ಕಟ್ಟಡದಲ್ಲಿ ಬೆಂಕಿಗೆ ಸಿಕ್ಕವನು ಫೋನಿನಲ್ಲಿ ನೆರವು ಬೇಡಿದರೆ, ಕಟ್ಟಡ ಯಾವುದೆಂದು ಉಪಗ್ರಹ ಹೇಳುತ್ತದೆ. ಅಂತಸ್ತು ಯಾವುದೆಂದು ಹೇಳಲಾರದು. ಅಮೆರಿಕದಲ್ಲಿ ದೂರಸಂಪರ್ಕದ ನಿಯಂತ್ರಣ ಮಂಡಳಿ ೨೦೧೯ರಲ್ಲಿ, ತುರ್ತುಕರೆಗಳಲ್ಲಿ ನೂರಕ್ಕೆ ಎಂಬತ್ತರಲ್ಲಿ ಕರೆಮಾಡಿದವನ ಎತ್ತರ ೩ ಮೀಟರಿನೊಳಗೆ ಸರಿಯಿರಬೇಕೆಂದು ವಿಧಿಸಿತು. ಮೂರು ಮೀಟರೆಂದರೆ ಒಂದು ಅಂತಸ್ತು. ಅದನ್ನು ಸಾಧಿಸಲು ಉಪಗ್ರಹದ ಜೊತೆಗೆ ವಾಯುಭಾರಮಾಪಕದ ಕೈಹಿಡಿಯಬೇಕಾಯಿತು.

ವಿಮಾನ ಇಳಿಯುವಾಗಲಂತೂ ಎತ್ತರವೇ ಸರ್ವಸ್ವ. ಭಾರತದ ಬಾಹ್ಯಾಕಾಶ ಸಂಸ್ಥೆಯೂ ವಿಮಾನನಿಲ್ದಾಣ ಪ್ರಾಧಿಕಾರವೂ ಸೇರಿ ‘ಗಗನ್’ ಎಂಬ ವ್ಯವಸ್ಥೆಯನ್ನು ಕಟ್ಟಿದ್ದು ಇದಕ್ಕಾಗಿಯೇ. ಕರಾರುವಾಕ್ಕಾಗಿ ಅಳೆದ ಠಾವುಗಳಲ್ಲಿ ಗ್ರಾಹಕಗಳನ್ನಿಟ್ಟು, ಉಪಗ್ರಹಗಳು ಆ ಕ್ಷಣದಲ್ಲಿ ಎಷ್ಟು ತಪ್ಪುತ್ತಿವೆಯೆಂದು ಕಂಡುಹಿಡಿದು, ಆ ತಿದ್ದುಪಡಿಯನ್ನು ಬೆಂಗಳೂರಿನ ಕೇಂದ್ರದಲ್ಲಿ ಲೆಕ್ಕಹಾಕಿ, ಭೂಸ್ಥಿರ ಉಪಗ್ರಹಗಳ ಮೂಲಕ ವಿಮಾನಗಳಿಗೆ ಸಾರುತ್ತಾರೆ. ೨೦೨೨ರ ಏಪ್ರಿಲಿನಲ್ಲಿ ರಾಜಸ್ಥಾನದ ಕಿಶನ್‌ಗಢದಲ್ಲಿ ವಿಮಾನವೊಂದು ಇದರ ಮಾರ್ಗದರ್ಶನದಲ್ಲಿ ನೆಲಕ್ಕಿಳಿಯಿತು.

ಅಳತೆ ಎಷ್ಟೇ ಸೂಕ್ಷ್ಮವಾಗಿರಲಿ, ‘ಎಲ್ಲಿಂದ?’ ಎಂಬುದನ್ನು ಮರೆತರೆ ಏನಾಗುವುದೆಂಬುದಕ್ಕೆ ರೈನ್ ನದಿಯ ಮೇಲಿನ ಲಾಫೆನ್‌ಬರ್ಗ್ ಸೇತುವೆ ಸಾಕ್ಷಿ. ಜರ್ಮನಿ ಮತ್ತು ಸ್ವಿಟ್ಜರ್‌ಲೆಂಡ್ ಎರಡು ದಡಗಳಿಂದ ಅದನ್ನು ಕಟ್ಟುತ್ತ ಬಂದವು. ಜರ್ಮನರ ಎತ್ತರ ಉತ್ತರ ಸಮುದ್ರದಿಂದ, ಸ್ವಿಸ್ಸರ ಎತ್ತರ ಮೆಡಿಟರೇನಿಯನ್ ಸಮುದ್ರದಿಂದ. ಎರಡಕ್ಕೂ ೨೭ ಸೆಂಟಿಮೀಟರುಗಳ ವ್ಯತ್ಯಾಸವಿದೆಯೆಂದು ಎಂಜಿನಿಯರುಗಳಿಗೆ ತಿಳಿದಿತ್ತು. ಆದರೆ ಕೂಡಬೇಕಾದಲ್ಲಿ ಕಳೆದ ಕಾರಣ ವ್ಯತ್ಯಾಸ ಅಳಿಯುವುದರ ಬದಲು ಇಮ್ಮಡಿಯಾಯಿತು. ೨೦೦೩ರಲ್ಲಿ ನೋಡಿದಾಗ ಎರಡು ಬದಿಗಳ ನಡುವೆ ೫೪ ಸೆಂಟಿಮೀಟರುಗಳ ಅಂತರ! ಕಾಮಗಾರಿಯನ್ನು ತಿದ್ದಿದ ಮೇಲೆ ಸೇತುವೆ ಕೂಡಿಕೊಂಡಿತು.

ಯುಕ್ತವಾದ ನಂಬಿಕೆ

ಇಷ್ಟೆಲ್ಲ ತಿಳಿದ ಮೇಲೆ ಕಾರಿನ ಎತ್ತರದ ಅಂಕಿಯನ್ನು ತಿರಸ್ಕರಿಸಬೇಕೆಂದಲ್ಲ. ಮೂರು ತಾಸಿನಲ್ಲಿ ಕಾರು ಸಾವಿರ ಮೀಟರು ಏರಿತೆಂಬುದನ್ನು ಅದು ಧಾರಾಳವಾಗಿ ಹೇಳಬಲ್ಲದು. ಬಯಲಿನಲ್ಲಿ ಕಾರನ್ನು ನಿಲ್ಲಿಸಿ ಹತ್ತು ನಿಮಿಷ ಬಿಟ್ಟರೆ ಅಂಕಿಯ ಹೊಯ್ದಾಟವೂ ಒಂದಿಷ್ಟು ಹದಕ್ಕೆ ಬರುತ್ತದೆ. ಯಂತ್ರ ಚಪ್ಪಟೆಗೋಳವನ್ನು ಎಣಿಸುತ್ತಿದೆಯೋ ಸಮುದ್ರವನ್ನೋ ಎಂಬ ಸಂಶಯವಿದ್ದವರು ಸಮೀಪದ ರೈಲು ನಿಲ್ದಾಣದ ಹಳದಿ ಫಲಕವನ್ನು ಓದಿ ಹೋಲಿಸಿಕೊಳ್ಳಬಹುದು. ಕರ್ನಾಟಕದಲ್ಲಿ ಎರಡಕ್ಕೂ ಎಂಬತ್ತು ಮೀಟರಿನಷ್ಟು ಭೇದ ಕಂಡುಬಂದರೆ ಕಾರಣ ಯಾವುದೆಂದು ಊಹಿಸುವುದು ಕಷ್ಟವಲ್ಲ.

ಆದರೆ ಕೆರೆಯ ಅಂಚಿನ ನಿವೇಶನವನ್ನು ಕೊಳ್ಳುವವನು ಫೋನಿನ ಅಂಕಿ ನೋಡಿ ‘ಕೆರೆಗಿಂತ ಈ ನೆಲ ಮೂರು ಮೀಟರು ಮೇಲಿದೆ, ಭಯವಿಲ್ಲ’ ಎಂದು ಹಣ ತೆತ್ತ ಪಕ್ಷದಲ್ಲಿ ಅದು ಸಾಹಸ. ೨೦೨೨ರ ಸೆಪ್ಟೆಂಬರಿನ ಮಳೆಯಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಸುತ್ತಣ ಬಡಾವಣೆಗಳು ಜಲಾವೃತವಾದುದನ್ನು ನಾಡು ಕಂಡಿದೆ. ನೀರಿಗೆ ಮನೆಯೊಳಗೆ ನುಗ್ಗಲು ಒಂದು ಗೇಣಿನ ತಗ್ಗು ಸಾಕು. ಉಪಗ್ರಹದ ಅಂಕಿ ತಪ್ಪುವುದು ಆಳೆತ್ತರಗಳ ಲೆಕ್ಕದಲ್ಲಿ. ಅಂಥ ಕಡೆ ಮುಕ್ಕಾಲಿಯ ಮೇಲೆ ಮಟ್ಟದ ಯಂತ್ರವನ್ನಿಟ್ಟು, ಅಳತೆಗೋಲನ್ನು ನೆಟ್ಟು, ಗುರುತಿನ ಕಲ್ಲಿನಿಂದ ನೆಲವನ್ನು ಅಳೆದು ಹೇಳುವ ಭೂಮಾಪಕನ ಮಾತನ್ನೇ ಕೇಳತಕ್ಕದ್ದು. ಅವನ ಅಳತೆಯನ್ನು ನೀರು ಒಪ್ಪುತ್ತದೆ.